ಊರ ಕಾಲೇಜಿಗೊಂದು ಮೊಹರು

ವರಾನ್ವೇಷಣೆಯಿರಲಿ, ಕೆಲಸದ ಸಂದರ್ಶನವಿರಲಿ, ಬಾಡಿಗೆ ಮನೆಯ ವಿಚಾರಣೆಯೇ ಇರಲಿ, ನಮ್ಮ ಸಮಾಜ ಒಬ್ಬ ತರುಣನ ಮುಂದಿಡುವ ಮೊದಲ ಪ್ರಶ್ನೆ ಒಂದೇ: “ಏನು ಓದಿದ್ದಾನೆ?” ಬಿ.ಎ., ಬಿ.ಕಾಂ., ಬಿ.ಇ. ಎಂಬ ಉತ್ತರ ಬಂದರೆ ಕೇಳಿದವರ ಮುಖ ಅರಳುತ್ತದೆ. “ಒಂದು ವರ್ಷದ ಡಿಪ್ಲೊಮಾ” ಎಂಬ ಉತ್ತರ ಬಂದರೆ ಮಾತ್ರ ಬೆನ್ನಿಗೇ ಎರಡನೆಯ ಪ್ರಶ್ನೆ ಹೊರಡುತ್ತದೆ: “ಅದಕ್ಕೆ ಸರಕಾರದ ಮನ್ನಣೆ ಉಂಟೆ?”

ಈ ಎರಡನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗ, ಪಿ.ಯು.ಸಿ.ಯಲ್ಲಿ ಎಡವಿದ ಹುಡುಗಿ, ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಕಲಿಯಬೇಕೆಂದು ಹಂಬಲಿಸುವ ಗೃಹಿಣಿ, ಇಂಥವರ ಕೈಯಲ್ಲಿರುವುದು ಹೆಚ್ಚೆಂದರೆ ಒಂದು ವರ್ಷದ ಕಾಲ, ಒಂದಿಷ್ಟು ಹಣ. ಅದನ್ನು ಒಂದು ತರಬೇತಿಯಲ್ಲಿ ತೊಡಗಿಸಿದ ಬಳಿಕ, ಕೈಗೆ ಬಂದ ಪ್ರಮಾಣಪತ್ರವನ್ನು ಕಚೇರಿಯ ಗುಮಾಸ್ತರು ಬದಿಗೆ ಸರಿಸಿದರೆ ಕಳೆದ ವರ್ಷವನ್ನು ಮರಳಿ ಕೊಡುವವರಾರು? ಶ್ರೀಮಂತರ ಮನೆಯ ಮಕ್ಕಳಿಗೆ ಇನ್ನೊಂದು ಅವಕಾಶ ಸಿಕ್ಕೀತು. ಇವರಿಗೆ ಅದು ದುರ್ಲಭ.

ಸಮುದಾಯ ಕಾಲೇಜುಗಳು ಹುಟ್ಟಿದ್ದು ಇಂಥವರಿಗಾಗಿಯೇ. ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಹೋಗಲಾರದವರು ತಮ್ಮ ಊರಿನಲ್ಲಿಯೇ, ಕಡಿಮೆ ವೆಚ್ಚದಲ್ಲಿ, ಆ ಊರಿಗೆ ಬೇಕಾದ ಕಸಬುಗಳನ್ನೂ ಅದರೊಡನೆ ಸಾಮಾನ್ಯ ವಿದ್ಯೆಯನ್ನೂ ಕಲಿಯುವ ಸ್ಥಳ ಅದು. ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದು ಅದರ ಮೂಲತತ್ವ. ಆದರೆ ಎಲ್ಲರಿಗೂ ಬಾಗಿಲು ತೆರೆದ ಕಾಲೇಜಿಗೆ ಸರಕಾರದ ಬಾಗಿಲು ಮಾತ್ರ ಸುಲಭವಾಗಿ ತೆರೆಯಲಿಲ್ಲ. ತೆರೆದರೂ ಅದು ಬಹಳ ಕಾಲ ತೆರೆದಿರಲಿಲ್ಲ. ಆ ಕಥೆ ನಮ್ಮ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದು.

ಆರು ಮಂದಿಯ ಕಾಲೇಜು

ಈ ಬಗೆಯ ಕಾಲೇಜಿನ ತವರು ಅಮೆರಿಕ. ಇಲಿನಾಯ್ ರಾಜ್ಯದಲ್ಲಿ ಶಿಕಾಗೋ ನಗರಕ್ಕೆ ಸಮೀಪದಲ್ಲಿ ಜೋಲಿಯೆಟ್ ಎಂಬ ಊರಿದೆ. ಕಲ್ಲುಗಣಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಹೆಸರಾಗಿದ್ದ ಊರು. ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದ ಜೆ. ಸ್ಟಾನ್ಲಿ ಬ್ರೌನ್ ಅವರೂ ಶಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೈನಿ ಹಾರ್ಪರ್ ಅವರೂ ಸೇರಿ 1901ರಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದರು. ವಿಶ್ವವಿದ್ಯಾನಿಲಯದ ಮೊದಲೆರಡು ವರ್ಷಗಳ ಪಾಠವನ್ನು ಊರ ಪ್ರೌಢಶಾಲೆಯಲ್ಲಿಯೇ ಏಕೆ ಹೇಳಿಕೊಡಬಾರದು? ಮಕ್ಕಳು ಮನೆಯಲ್ಲಿ ಉಂಡು, ಮನೆಯಲ್ಲಿ ಮಲಗಿ, ಎರಡು ವರ್ಷ ಓದಲಿ. ಆಮೇಲೆ ಬೇಕಾದವರು ವಿಶ್ವವಿದ್ಯಾನಿಲಯಕ್ಕೆ ಹೋಗಲಿ.

ಮೊದಲ ವರ್ಷ ಸೇರಿದವರು ಕೇವಲ ಆರು ಮಂದಿ. ಆದರೆ ಅವರ ಬೆನ್ನಿಗೆ ಒಂದು ಭರವಸೆಯಿತ್ತು: ಇಲ್ಲಿ ಕಲಿತ ಪಾಠವನ್ನು ವಿಶ್ವವಿದ್ಯಾನಿಲಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕಲಿತದ್ದನ್ನೇ ಮತ್ತೆ ಕಲಿಯಬೇಕಾಗಿಲ್ಲ. ಆ ಆರು ಮಂದಿಯ ತರಗತಿ ಕಾಲೇಜಾಗಿ ಬೆಳೆದದ್ದು ಈ ಭರವಸೆಯಿಂದ. ಇಂದಿಗೂ ನಡೆಯುತ್ತಿರುವ ಜೋಲಿಯೆಟ್ ಜೂನಿಯರ್ ಕಾಲೇಜು ಅಮೆರಿಕದ ಸರಕಾರಿ ಸಮುದಾಯ ಕಾಲೇಜುಗಳಲ್ಲಿ ಅತ್ಯಂತ ಹಳೆಯದು.

ತೆರಿಗೆ ತೆತ್ತ ಊರುಗಳು

ಒಬ್ಬ ಉದಾರಿಯ ಒಪ್ಪಿಗೆ ಒಂದು ಕಾಲೇಜಿಗೆ ಸಾಕಾಗಬಹುದು. ನೂರು ಕಾಲೇಜಿಗೆ ಸಾಲದು. ಅಲ್ಲಿಗೆ ಕಾನೂನು ಬೇಕು. ಅದನ್ನು ಮೊದಲು ಮನಗಂಡದ್ದು ಕ್ಯಾಲಿಫೋರ್ನಿಯಾ ರಾಜ್ಯ. ಪ್ರೌಢಶಾಲೆಗಳು ಕಾಲೇಜಿನ ಮೊದಲೆರಡು ವರ್ಷಗಳ ಪಾಠ ಹೇಳಬಹುದೆಂದು 1907ರ ಕಾನೂನು ಅನುಮತಿ ನೀಡಿತು. ಅನುಮತಿ ನೀಡಿತೇ ಹೊರತು ಹಣ ನೀಡಲಿಲ್ಲ. ಆದರೂ 1910ರಲ್ಲಿ ಫ್ರೆಸ್ನೋ ಪಟ್ಟಣ ಧೈರ್ಯ ಮಾಡಿತು. ದ್ರಾಕ್ಷಿ ಬೆಳೆಯುವ ರೈತರ ನಾಡು ಅದು, ವಿಶ್ವವಿದ್ಯಾನಿಲಯವೋ ಬಹುದೂರ. 1917ರಲ್ಲಿ ರಾಜ್ಯದ ಬೊಕ್ಕಸದಿಂದ ನೆರವು ಬರಲು ಹಾದಿಯಾಯಿತು. 1921ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಕಾಲೇಜುಗಳಿಗಾಗಿಯೇ ಪ್ರತ್ಯೇಕ ಜಿಲ್ಲೆಗಳನ್ನು ರಚಿಸಿಕೊಳ್ಳಲು ಜನರಿಗೆ ಅಧಿಕಾರ ಕೊಟ್ಟಿತು. ಊರಿನವರು ತಮ್ಮ ಕಾಲೇಜಿಗೆ ತಾವೇ ತೆರಿಗೆ ತೆತ್ತರು; ಅದರ ಆಡಳಿತ ಮಂಡಲಿಯನ್ನು ತಾವೇ ಚುನಾಯಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ತೆರಿಗೆ ಯಾರಿಗೂ ಪ್ರಿಯವಲ್ಲ. ಹಾಗಿದ್ದೂ ಜನ ಒಪ್ಪಿದ್ದು ಏಕೆಂದರೆ ಆ ಹಣ ಎಲ್ಲಿಗೆ ಹೋಗುತ್ತದೆಂಬುದು ಅವರ ಕಣ್ಣಿಗೆ ಕಾಣುತ್ತಿತ್ತು. ಪಕ್ಕದ ಮನೆಯ ಹುಡುಗ ಸಂಜೆಯ ತರಗತಿಗೆ ಹೋಗಿ ಲೆಕ್ಕಪತ್ರ ಕಲಿತ, ಎದುರು ಮನೆಯ ಹುಡುಗಿ ದಾದಿಯಾದಳು, ಊರ ಕಾರ್ಖಾನೆಗೆ ಬೇಕಾದ ಯಂತ್ರಕುಶಲಿ ಊರಿನಲ್ಲಿಯೇ ಸಿಕ್ಕ.

ಎರಡನೆಯ ಮಹಾಯುದ್ಧ ಮುಗಿದು ಲಕ್ಷೋಪಲಕ್ಷ ಸೈನಿಕರು ಮನೆಗೆ ಮರಳಿದಾಗ, 1944ರ ಶಾಸನವೊಂದು ಅವರ ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರವೇ ಹೊರುವಂತೆ ಮಾಡಿತು. ಸುಮಾರು 22 ಲಕ್ಷ ಮಂದಿ ಕಾಲೇಜುಗಳ ಮೆಟ್ಟಿಲೇರಿದರು. ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗದ ವರದಿ 1947ರಲ್ಲಿ ಹೊರಬರಲಾರಂಭಿಸಿತು. ದೇಶದ ಯುವಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗಾದರೂ ಹದಿನಾಲ್ಕು ವರ್ಷಗಳ ವಿದ್ಯಾಭ್ಯಾಸ ಪೂರೈಸುವ ಸಾಮರ್ಥ್ಯವಿದೆ, ಅದು ಅವರಿಗೆ ಉಚಿತವಾಗಿ ದೊರೆಯಬೇಕು ಎಂದು ಆಯೋಗ ಸಾರಿತು. “ಸಮುದಾಯ ಕಾಲೇಜು” ಎಂಬ ಹೆಸರು ಜನರ ನಾಲಗೆಯ ಮೇಲೆ ನೆಲೆನಿಂತದ್ದು ಆ ವರದಿಯ ನಂತರವೇ. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೊಂದು ಮಹಾಯೋಜನೆ ಹಾಕಿಕೊಂಡು, ವಿಶ್ವವಿದ್ಯಾನಿಲಯಗಳ ಸಾಲಿನಲ್ಲಿಯೇ ಈ ಕಾಲೇಜುಗಳಿಗೂ ಕಾನೂನಿನ ಆಸನ ಹಾಕಿತು. ಇಂದು ಆ ಒಂದೇ ರಾಜ್ಯದಲ್ಲಿ 116 ಸಮುದಾಯ ಕಾಲೇಜುಗಳಿವೆ. ಅಮೆರಿಕದಾದ್ಯಂತ ಲೆಕ್ಕ ಹಾಕಿದರೆ ಸುಮಾರು ಸಾವಿರ.

ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಭಾವಿಸಬೇಕಾಗಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಮನೆ-ಜಮೀನುಗಳ ಮೇಲಿನ ತೆರಿಗೆಗೆ ಕಡಿವಾಣ ಹಾಕಿದರು. ಕಾಲೇಜುಗಳ ಆದಾಯದ ಮೂಲವೇ ಸೊರಗಿತು. ಅಲ್ಲಿಯವರೆಗೆ ಶುಲ್ಕವಿಲ್ಲದೆ ಕಲಿಸುತ್ತಿದ್ದ ಆ ಕಾಲೇಜುಗಳು 1984ರಿಂದ ವಿದ್ಯಾರ್ಥಿಗಳಿಂದ ಹಣ ಪಡೆಯಬೇಕಾಯಿತು. ಜನಬೆಂಬಲವೆಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಭಾರತದ ನೆಲದಲ್ಲಿ

ಈ ಸಸಿ ನಮ್ಮ ದೇಶಕ್ಕೆ ಬಂದದ್ದು ಬಹಳ ತಡವಾಗಿ. ಪಾಂಡಿಚೇರಿ ವಿಶ್ವವಿದ್ಯಾನಿಲಯ 1995ರಲ್ಲಿ ತನ್ನ ಆಶ್ರಯದಲ್ಲಿ ಭಾರತದ ಮೊದಲ ಸಮುದಾಯ ಕಾಲೇಜನ್ನು ತೆರೆಯಿತು. ಮರುವರ್ಷ, 1996ರಲ್ಲಿ, ಮದರಾಸಿನ ಕ್ರೈಸ್ತ ಧರ್ಮಪ್ರಾಂತ್ಯದ ಪ್ರಯತ್ನದಿಂದ ಮದರಾಸ್ ಸಮುದಾಯ ಕಾಲೇಜು ಪ್ರಾರಂಭವಾಯಿತು. ಇಂಥ ಕಾಲೇಜುಗಳಿಗೆ ಮಾರ್ಗದರ್ಶನ ನೀಡಲು 1999ರಲ್ಲಿ ಅದೇ ನಗರದಲ್ಲಿ ಒಂದು ಸಂಶೋಧನ ಮತ್ತು ಅಭಿವೃದ್ಧಿ ಕೇಂದ್ರ ಸ್ಥಾಪಿತವಾಯಿತು. ಜೆಸ್ವಿಟ್ ಪಾದ್ರಿಗಳಾದ ಡಾ. ಕ್ಸೇವಿಯರ್ ಅಲ್ಫೋನ್ಸ್ ಅವರು ಈ ಕೆಲಸವನ್ನು ಒಂದು ಚಳವಳಿಯಂತೆ ಮುನ್ನಡೆಸಿದರು. ತಮಿಳುನಾಡಿನಿಂದ ಹೊರಟ ಅಲೆ ಇತರ ರಾಜ್ಯಗಳಿಗೂ ಹಬ್ಬಿತು.

ಈ ಕಾಲೇಜುಗಳ ಪಾಠಕ್ರಮ ಸರಳ. ಒಂದು ವರ್ಷದ ಅವಧಿ. ಮೊದಲು ಬದುಕಿನ ಪಾಠ: ಹತ್ತು ಜನರ ನಡುವೆ ಅಳುಕಿಲ್ಲದೆ ಮಾತಾಡುವುದು, ಒಂದು ಅರ್ಜಿ ಬರೆಯುವುದು, ಗಣಕಯಂತ್ರದ ಪರಿಚಯ, ಒಂದಿಷ್ಟು ಇಂಗ್ಲಿಷು. ಅನಂತರ ಕಸಬಿನ ಪಾಠ: ರೋಗಿಗಳ ಶುಶ್ರೂಷೆ, ಹೊಲಿಗೆ ಮತ್ತು ವಸ್ತ್ರವಿನ್ಯಾಸ, ಅಡುಗೆ ಮತ್ತು ಹೋಟೆಲಿನ ಕೆಲಸ, ವಿದ್ಯುತ್ ಉಪಕರಣಗಳ ದುರಸ್ತಿ, ಶಿಶುವಿಹಾರದ ಬೋಧನೆ ಮೊದಲಾದವು. ಬಳಿಕ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಕೆಲಸದ ಅನುಭವ. ಏನನ್ನು ಕಲಿಸಬೇಕೆಂಬುದನ್ನು ಸುತ್ತಲಿನ ಪ್ರದೇಶದಲ್ಲಿ ಯಾವ ಕೆಲಸಕ್ಕೆ ಜನ ಬೇಕಾಗಿದ್ದಾರೆಂದು ವಿಚಾರಿಸಿ ನೋಡಿ ನಿರ್ಧರಿಸುತ್ತಾರೆ. ಅಂಕಪಟ್ಟಿಯಲ್ಲಿ ಸೋತವನು ಕೈಚಳಕದಲ್ಲಿ ಗೆಲ್ಲುವ ಅವಕಾಶ ಇಲ್ಲಿದೆ.

ಆದರೆ ವರ್ಷದ ಕೊನೆಯಲ್ಲಿ ಕೈಗೆ ಬರುವ ಪ್ರಮಾಣಪತ್ರದ ಮೇಲೆ ಯಾರ ಮೊಹರು? ವಿಶ್ವವಿದ್ಯಾನಿಲಯದ ಆಶ್ರಯವಿದ್ದ ಪಾಂಡಿಚೇರಿಯ ಕಾಲೇಜಿಗೆ ಆ ಚಿಂತೆಯಿರಲಿಲ್ಲ. ಸೇವಾಸಂಸ್ಥೆಗಳು ನಡೆಸುತ್ತಿದ್ದ ಉಳಿದ ಕಾಲೇಜುಗಳಿಗೆ ಅದೇ ಚಿಂತೆ. ಕೆಲಸ ಬಲ್ಲವನೆಂದು ಖಾಸಗಿ ಮಾಲೀಕ ಕರೆದು ಕೆಲಸ ಕೊಟ್ಟಾನು. ಸರಕಾರಿ ಹುದ್ದೆಗೆ ಅರ್ಜಿ ಹಾಕುವಾಗ, ಮುಂದೆ ಪದವಿ ತರಗತಿಗೆ ಸೇರಬಯಸುವಾಗ, ಬ್ಯಾಂಕಿನಲ್ಲಿ ವಿದ್ಯಾಭ್ಯಾಸದ ಸಾಲ ಕೇಳುವಾಗ ಮಾತ್ರ “ಮಾನ್ಯತೆ ಪಡೆದ ಸಂಸ್ಥೆಯೇ?” ಎಂಬ ಕಲಮು ಅಡ್ಡ ನಿಲ್ಲುತ್ತದೆ. ಆದ್ದರಿಂದಲೇ ಈ ಕಾಲೇಜುಗಳ ಸಂಘಟಕರು ಸರಕಾರದ, ವಿಶ್ವವಿದ್ಯಾನಿಲಯಗಳ ಮನ್ನಣೆಗಾಗಿ ವರ್ಷಗಟ್ಟಲೆ ಪ್ರಯತ್ನಿಸಬೇಕಾಯಿತು.

ಬಂದ ಮನ್ನಣೆ, ಹೋದ ಮನ್ನಣೆ

ಆ ಪ್ರಯತ್ನ ವ್ಯರ್ಥವಾಗಲಿಲ್ಲ. 2002ರಲ್ಲಿ ಸ್ಥಾಪಿತವಾದ ತಮಿಳುನಾಡು ಮುಕ್ತ ವಿಶ್ವವಿದ್ಯಾನಿಲಯ ಸಮುದಾಯ ಕಾಲೇಜುಗಳನ್ನು ಮಾನ್ಯ ಮಾಡಿ ಅವುಗಳ ಡಿಪ್ಲೊಮಾಗಳಿಗೆ ತನ್ನ ಮುದ್ರೆ ಕೊಡಲು ಮುಂದೆ ಬಂದಿತು. 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ದೇಶದಾದ್ಯಂತ ಅನ್ವಯಿಸುವ ಯೋಜನೆಯನ್ನೇ ಹೊರಡಿಸಿತು. ಎರಡು ವರ್ಷ ಓದಿದವರಿಗೆ “ಅಸೋಸಿಯೇಟ್” ಪದವಿ. ಅದನ್ನು ಪಡೆದವರು ಪದವಿ ತರಗತಿಯ ಮೂರನೆಯ ವರ್ಷಕ್ಕೆ ಸೇರಬಹುದು. ಅದೇ ವರ್ಷದ ಕೊನೆಯಲ್ಲಿ ಭಾರತೀಯ ಸೇನೆಯೂ “ಜ್ಞಾನದೀಪ” ಎಂಬ ಹೆಸರಿನಲ್ಲಿ ಈ ಯೋಜನೆಯೊಡನೆ ಕೈಜೋಡಿಸಿತು. ಸೈನಿಕನು ಸೇನೆಯ ತರಬೇತಿ ಕೇಂದ್ರದಲ್ಲಿ ಕಲಿತ ವಿದ್ಯೆಯೂ ಪದವಿಯ ಲೆಕ್ಕಕ್ಕೆ ಬರುವಂತಾಯಿತು. ಚಿಕ್ಕ ವಯಸ್ಸಿನಲ್ಲಿಯೇ ನಿವೃತ್ತನಾಗಿ ಎರಡನೆಯ ಜೀವನ ಆರಂಭಿಸಬೇಕಾದ ಸೈನಿಕನಿಗೆ ಇದು ಸಾಮಾನ್ಯ ಉಪಕಾರವಲ್ಲ.

ಮುಂದಾದದ್ದೇನು? ಕಾಲೇಜುಗಳ ಸಂಖ್ಯೆ ಭರದಿಂದ ಏರಿತು. ಎಲ್ಲ ಕಡೆಯೂ ಗುಣಮಟ್ಟ ಒಂದೇ ಇರಲಿಲ್ಲ. ಆಕ್ಷೇಪಣೆಗಳು ಬಂದವು, ಪರಿಶೀಲನೆ ನಡೆಯಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ಎರಡು ವರ್ಷದ ಓದಿಗೆ ಸೇರಿ ಮೂರನೆಯ ವರ್ಷದ ಕನಸು ಕಂಡಿದ್ದ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ, ಅವನು ಹತ್ತುತ್ತಿದ್ದ ಏಣಿಯನ್ನೇ ಯಾರೋ ಎಳೆದುಕೊಂಡಂತಾಯಿತು.

2013ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಹೊಸದೊಂದು ಯೋಜನೆ ತಂದಿತು. ಕೇಂದ್ರ ಸರಕಾರ ಮೊದಲ ಹಂತದಲ್ಲಿ 200 ಸಮುದಾಯ ಕಾಲೇಜುಗಳ ಗುರಿಯಿಟ್ಟುಕೊಂಡಿತು. ಹೊಸ ಕಟ್ಟಡಗಳ ಗೋಜಿಲ್ಲ. ಆಗಲೇ ಇದ್ದ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳ ಆವರಣದಲ್ಲಿಯೇ ಅವು ನಡೆಯಬೇಕು. ಪಾಠದಲ್ಲಿ ನೂರಕ್ಕೆ 60 ಪಾಲು ಕೌಶಲ, 40 ಪಾಲು ಸಾಮಾನ್ಯ ಶಿಕ್ಷಣ. ಆರು ತಿಂಗಳಿಗೆ ಸರ್ಟಿಫಿಕೇಟು, ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ. ಆಯಾ ಉದ್ಯಮದವರೂ ಪಾಠಕ್ರಮ ರಚನೆಯಲ್ಲಿ ಪಾಲ್ಗೊಳ್ಳಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಿದ್ದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಯಾವ ಪ್ರಮಾಣಪತ್ರ ಯಾವ ಮಟ್ಟದ್ದೆಂದು ಗುರುತಿಸುವ ಅಳತೆಗೋಲನ್ನೂ ಒದಗಿಸಿತು. ಬಳಿಕ ಬಂದ ವೃತ್ತಿಪದವಿ ತರಗತಿಗಳು ಮುಂದಿನ ಮೆಟ್ಟಿಲಾದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಡುವೆ ಬಿಟ್ಟವರು ಮತ್ತೆ ಸೇರುವ ಸೌಲಭ್ಯವನ್ನು ಪ್ರತಿಪಾದಿಸಿತು. 2021ರಲ್ಲಿ ಕಲಿಕೆಯ ಅಂಕಗಳನ್ನು ಠೇವಣಿಯಂತೆ ಕಾದಿಡುವ ಶೈಕ್ಷಣಿಕ ಬ್ಯಾಂಕು ಕೂಡ ಏರ್ಪಟ್ಟಿತು.

ಕಾಗದದ ಮೇಲೆ ಇವೆಲ್ಲವೂ ಚೆನ್ನಾಗಿವೆ. ಆದರೆ ಕ್ಯಾಲಿಫೋರ್ನಿಯಾದ ಕಥೆಗೂ ನಮ್ಮ ಕಥೆಗೂ ಒಂದು ಮುಖ್ಯವಾದ ಅಂತರವಿದೆ. ಅಲ್ಲಿ ಮನ್ನಣೆ ಕಾನೂನಿನ ಮೂಲಕ ಬಂದಿತು. ಇಲ್ಲಿ ಯೋಜನೆಗಳ ಮೂಲಕ. ಯೋಜನೆಗೆ ಅವಧಿಯುಂಟು, ಅನುದಾನದ ಮಿತಿಯುಂಟು. 2013ರ ಯೋಜನೆ ಹುಟ್ಟಿದ್ದು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂಗವಾಗಿ. 2017ರಲ್ಲಿ ಪಂಚವಾರ್ಷಿಕ ಯೋಜನೆಗಳ ಪದ್ಧತಿಯೇ ಮುಗಿಯಿತು. ಅನುದಾನ ಬರುವುದೋ ಇಲ್ಲವೋ ಎಂದು ಪ್ರತಿವರ್ಷ ಎದುರು ನೋಡುವ ಕಾಲೇಜು ಒಳ್ಳೆಯ ಉಪಾಧ್ಯಾಯರನ್ನು ಹೇಗೆ ಉಳಿಸಿಕೊಂಡೀತು? ಉಪಾಧ್ಯಾಯರು ನಿಲ್ಲದ ಕಾಲೇಜಿಗೆ ತಾಯಿತಂದೆಗಳು ಮಕ್ಕಳನ್ನು ಹೇಗೆ ಕಳಿಸಿಯಾರು?

ಪೂಜಾರಿ ಕೊಡಬೇಕಾದ ವರ

ಕಾನೂನೊಂದಿದ್ದರೆ ಎಲ್ಲವೂ ಸರಿಹೋಗುತ್ತದೆಯೆ? ಅದೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ವಿದ್ಯಾಲೋಕಕ್ಕೂ ಸಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿಯೇ, ಮಹಾಯೋಜನೆಯಾಗಿ ಅರ್ಧ ಶತಮಾನ ಕಳೆದರೂ, ಸಮುದಾಯ ಕಾಲೇಜಿನ ವಿದ್ಯಾರ್ಥಿ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಈ ಪಾಠ ಸಲ್ಲದು, ಆ ಪಾಠ ಸಲ್ಲದೆಂಬ ತಕರಾರು ತಪ್ಪಿರಲಿಲ್ಲ. ಕೊನೆಗೆ 2010ರಲ್ಲಿ ಮತ್ತೊಂದು ಕಾನೂನು ಮಾಡಿ, ನಿಗದಿಯಾದ ಪಾಠಗಳನ್ನು ಮುಗಿಸಿದವರಿಗೆ ರಾಜ್ಯ ವಿಶ್ವವಿದ್ಯಾನಿಲಯ ಪದ್ಧತಿಯಲ್ಲಿ ಸ್ಥಾನದ ಖಾತರಿ ಕೊಡಬೇಕಾಯಿತು. ಮೊಹರಿಗೆ ಬೆಲೆ ಬರುವುದು ಅದನ್ನು ನೋಡಿ ಮುಂದಿನ ಬಾಗಿಲಿನವನು ಒಳಗೆ ಬಿಟ್ಟಾಗ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಕೇಳಿದವರಿಗೆಲ್ಲ ಸರಕಾರ ಮೊಹರು ಒತ್ತಿದರೆ ಬೋರ್ಡು ತೂಗುಹಾಕಿದ ಕೋಣೆಗಳೆಲ್ಲ ಕಾಲೇಜುಗಳಾದಾವು. ಬಡವರ ಮಕ್ಕಳಿಗೆ ಕೈಕಸಬು, ಉಳ್ಳವರ ಮಕ್ಕಳಿಗೆ ಪದವಿ ಎಂಬ ಹಳೆಯ ಭೇದವೇ ಹೊಸ ವೇಷದಲ್ಲಿ ಬಂದೀತೆಂಬ ಶಂಕೆಯೂ ನಿರಾಧಾರವಲ್ಲ. ಇವೆರಡಕ್ಕೂ ಮದ್ದು ಮನ್ನಣೆಯನ್ನು ತಡೆಯುವುದಲ್ಲ. ಮೊದಲ ದೋಷಕ್ಕೆ ಮದ್ದು ಬಿಗಿಯಾದ ತಪಾಸಣೆ: ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕವನ್ನು ಪ್ರತಿ ಕಾಲೇಜೂ ವರ್ಷ ವರ್ಷ ಬಹಿರಂಗಪಡಿಸಬೇಕು. ಎರಡನೆಯದಕ್ಕೆ ಮದ್ದು ಮೇಲೇರುವ ಏಣಿ: ಇಂದು ಕಸಬು ಕಲಿತವನು ನಾಳೆ ಪದವಿಗೆ ಹೋಗಬಯಸಿದರೆ ದಾರಿ ಮುಚ್ಚಿರಬಾರದು.

ನಮ್ಮ ನಾಡಿಗೆ ಹೊಸದೇನಲ್ಲ

ಹೆಸರು ಹೊಸದಾದರೂ ಈ ವಿಚಾರ ಕನ್ನಡ ನಾಡಿಗೆ ಅಪರಿಚಿತವಲ್ಲ. ಡೆನ್ಮಾರ್ಕಿನಲ್ಲಿ ಗ್ರುಂಟ್‌ವಿಗ್ ಎಂಬ ಚಿಂತಕರ ಪ್ರೇರಣೆಯಿಂದ 1844ರಲ್ಲಿ ಆರಂಭವಾದ ಜನತಾ ಪ್ರೌಢಶಾಲೆಗಳು ಅಲ್ಲಿನ ರೈತರ ಮಕ್ಕಳಲ್ಲಿ ಹೊಸ ಚೇತನ ತುಂಬಿದ್ದವು. ಆ ಮಾದರಿಯನ್ನು ಕಂಡು ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಯ ತರುಣರಿಗಾಗಿ ವಿದ್ಯಾಪೀಠಗಳನ್ನು ತೆರೆಯಿತು. ವಿದ್ಯಾರ್ಥಿಗಳು ಅಲ್ಲಿಯೇ ವಾಸವಾಗಿದ್ದು ಬೇಸಾಯ, ಕೈಕಸಬು, ನಾಡಿನ ಸಂಸ್ಕೃತಿ ಎಲ್ಲವನ್ನೂ ಒಟ್ಟಿಗೆ ಕಲಿಯುತ್ತಿದ್ದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಸ್ಥಾಪನೆಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿತ್ತು. ಕೈಯ ಕೆಲಸವನ್ನು ಕೀಳೆಂದು ಕಾಣುವ ದೇಶ ಮುಂದುವರಿಯದೆಂಬುದು ಆ ಹಿರಿಯರ ದೃಢವಾದ ನಂಬಿಕೆಯಾಗಿತ್ತು.

ಆ ನಂಬಿಕೆಯನ್ನು ನಾವು ಉಳಿಸಿಕೊಂಡಿದ್ದೇವೆಯೆ? ಮನೆಯ ವಿದ್ಯುತ್ತು ಕೆಟ್ಟಾಗ, ನಲ್ಲಿ ಸೋರಿದಾಗ, ವೃದ್ಧರಾದ ತಾಯಿಯನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕಾದಾಗ ಕಸಬು ಬಲ್ಲವರಿಗಾಗಿ ಊರೆಲ್ಲ ಹುಡುಕುತ್ತೇವೆ. ಸಿಕ್ಕವರು ಸರಿಯಾಗಿ ಕಲಿತಿಲ್ಲವೆಂದು ಗೊಣಗುತ್ತೇವೆ. ಆದರೆ ನಮ್ಮ ಮಗನೋ ಮಗಳೋ ಅದೇ ಕಸಬನ್ನು ಶಾಸ್ತ್ರೀಯವಾಗಿ ಕಲಿಯುತ್ತೇನೆಂದರೆ “ನಾಲ್ಕು ಜನ ಏನೆಂದಾರು?” ಎಂದು ತಡೆಯುತ್ತೇವೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಊರಿನ ಕಾಲೇಜು ನಮಗೆ ಸಸಾರವಾಗಿ ಕಾಣುತ್ತದೆ. ಸರಕಾರದ ಮುದ್ರೆ ಈ ಸಂಕೋಚವನ್ನು ಅರ್ಧಮಟ್ಟಿಗೆ ಕಳೆದೀತು. ಉಳಿದರ್ಧವನ್ನು ಕಳೆಯಬೇಕಾದವರು ಮನೆಯವರೇ.

ಹಾಗಾದರೆ ಮಾಡಬೇಕಾದುದೇನು? ಸರಕಾರವು ವರ್ಷದಿಂದ ವರ್ಷಕ್ಕೆ ಅಲುಗಾಡುವ ಯೋಜನೆಯ ಬದಲು ಸಮುದಾಯ ಕಾಲೇಜುಗಳಿಗೆ ಶಾಸನದ ಆಧಾರವನ್ನೂ ಖಚಿತವಾದ ಧನಸಹಾಯವನ್ನೂ ಕೊಡಬೇಕು; ಒಂದು ವೇಳೆ ಯೋಜನೆ ನಿಂತರೂ ಸೇರಿದವರ ಓದು ಪೂರ್ತಿಯಾಗುವಂತೆ ಹೊಣೆ ಹೊರಬೇಕು. ವಿಶ್ವವಿದ್ಯಾನಿಲಯಗಳು ಅಲ್ಲಿ ಕಲಿತ ಪಾಠವನ್ನು ಬಿಗುಮಾನವಿಲ್ಲದೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊರಿನ ಆಸ್ಪತ್ರೆ, ಹೋಟೆಲು, ಕಾರ್ಖಾನೆಗಳ ಮಾಲೀಕರು ತರಬೇತಿಗೆ ಜಾಗ ಕೊಟ್ಟು, ಕಲಿತವರಿಗೆ ಕಲಿಯದವರಿಗಿಂತ ಹೆಚ್ಚಿನ ಸಂಬಳ ಕೊಡಬೇಕು. ತಾಯಿತಂದೆಗಳೂ ಮಕ್ಕಳನ್ನು ಸೇರಿಸುವ ಮುನ್ನ ಮೂರು ಮಾತು ವಿಚಾರಿಸುವುದು ಮೇಲು: ಪ್ರಮಾಣಪತ್ರ ಕೊಡುವವರು ಯಾರು? ಅದನ್ನು ಹಿಡಿದು ಮುಂದೆ ಯಾವ ತರಗತಿಗೆ ಸೇರಬಹುದು? ಕಳೆದ ವರ್ಷ ಇಲ್ಲಿ ಕಲಿತವರು ಈಗ ಎಲ್ಲಿದ್ದಾರೆ? ಈ ಮೂರಕ್ಕೂ ನೇರವಾದ ಉತ್ತರ ಕೊಡಬಲ್ಲ ಕಾಲೇಜು ಎಷ್ಟೇ ಚಿಕ್ಕದಾಗಿರಲಿ, ಅದರ ಬಗ್ಗೆ ನಾಚಿಕೆಪಡಬೇಕಾದ ಕಾರಣವಿಲ್ಲ.

ಜೋಲಿಯೆಟ್ಟಿನ ಆ ಮೊದಲ ತರಗತಿಯಲ್ಲಿದ್ದವರು ಆರೇ ಮಂದಿ. ಅವರನ್ನು ನೆಚ್ಚಿ ಒಂದು ವಿಶ್ವವಿದ್ಯಾನಿಲಯ ಬಾಗಿಲು ತೆರೆಯಿತು, ಒಂದು ಊರು ಖರ್ಚಿಗೆ ಕೈನೀಡಿತು. ನಮ್ಮ ಊರುಗಳಲ್ಲಿ ಆ ಆರು ಮಂದಿಯಂಥವರು ಬೀದಿಗೆ ಆರು ಮಂದಿ ಇದ್ದಾರೆ.